ಮೈಕಿಗೆ ಕಟ್ಟಿದ ಚೀಲ

ಕೋರ್ಟಿನಲ್ಲಿ ಆ ಧ್ವನಿ ಮೊದಲ ಸಲ ಕೇಳಿಸಿದಾಗ ಎಲ್ಲರೂ ಕಟಕಟೆಯಲ್ಲಿ ನಿಂತ ಅಣ್ಣನನ್ನು ನೋಡಿದರು. ಅತ್ತಿಗೆ ಒಬ್ಬಳು ಮಾತ್ರ ತಿರುಗಿ ತಮ್ಮನನ್ನು ನೋಡಿದಳು.

ನೋಡಿದ್ದು ಒಂದು ಗಳಿಗೆ. ಕೂಡಲೇ ಮುಖ ಆ ಕಡೆ ಮಾಡಿಕೊಂಡಳು. ಆದರೆ ಅವನ ಕಣ್ಣಿಗೆ ಬಿದ್ದಾಗಿತ್ತು. ಬಿದ್ದದ್ದು ಅವಳಿಗೂ ಗೊತ್ತಾಗಿತ್ತು. ಅವತ್ತಿನಿಂದ ಆ ನೋಟ ಅವರ ಒಂದೇ ಕೋಣೆಯ ಮನೆಯಲ್ಲಿ ಇನ್ನೊಬ್ಬ ಮನುಷ್ಯನ ಹಾಗೆ ಬೀಡು ಬಿಟ್ಟಿತು. ಊಟಕ್ಕೆ ಕೂತರೆ ಇಬ್ಬರ ನಡುವೆ ಬಂದು ಕೂರುತ್ತಿತ್ತು.

ಆ ಧ್ವನಿ ಹೇಳಿದ್ದು ಇಷ್ಟೇ: "ಒಬ್ಬನೇ ಬಾ. ಬರದಿದ್ರೆ ಮನೆಗೇ ಬಂದು ಎಳ್ಕೊಂಡು ಹೋಗ್ತೀನಿ. ಅವನು ಸತ್ತ ಗುಂಡಿ ನಿನಗೂ ತೋರಿಸ್ತೀನಿ."

ಫೋನು ಹಿಡಿದಿಟ್ಟ ಧ್ವನಿ. ಕಂಬಳಿ ಹೊದ್ದವನು ಕಂಬಳಿಯೊಳಗಿಂದಲೇ ಮಾತಾಡಿದ ಹಾಗಿತ್ತು. ಫೋನು ಇವರನ್ನು ಕೆಲಸಕ್ಕೆ ಹಚ್ಚುತ್ತಿದ್ದ ಗುತ್ತಿಗೆದಾರನದು. ಬೆಳಕು ಹರಿಯುವ ಹೊತ್ತಿಗೆ ಕರೆ ಬಂದಿತ್ತು. ಅದೇ ಮಧ್ಯಾಹ್ನ ಗುತ್ತಿಗೆದಾರ ತಲೆ ಒಡೆಸಿಕೊಂಡು ಒಂದು ಮಲದ ಗುಂಡಿಯಲ್ಲಿ ಹೆಣವಾಗಿ ಸಿಕ್ಕಿದ. ಕರೆ ಮಾಡಿದ ನಂಬರು ಯಾರದೆಂದು ಇವತ್ತಿಗೂ ಪತ್ತೆಯಿಲ್ಲ.

ಅಣ್ಣ ತಮ್ಮ ಇಬ್ಬರೂ ಗುಂಡಿ ಕೆಲಸದವರು. ದೊಡ್ಡ ದೊಡ್ಡ ಮನೆಗಳ ಹೊಟ್ಟೆಯಿಂದ ಬಿದ್ದದ್ದು ಇವರ ಎದೆಮಟ್ಟ ನಿಲ್ಲುತ್ತಿತ್ತು. ಬಕೆಟ್ಟಿನಲ್ಲಿ ಮೊಗೆದು ಮೇಲೆ ಕಳಿಸಬೇಕು. ಆ ಕೆಲಸಕ್ಕೊಂದು ಕ್ರಮವಿದೆ. ಒಬ್ಬ ಇಳಿದರೆ ಇನ್ನೊಬ್ಬ ಗುಂಡಿಯ ಬಾಯಲ್ಲಿ ನಿಂತು ಕೂಗುತ್ತಲೇ ಇರಬೇಕು. ಕೆಳಗಿದ್ದವನು ಬಾಯಿ ತೆರೆಯುವ ಹಾಗಿಲ್ಲ, ತೆರೆದರೆ ಗಾಳಿಯ ಬದಲು ವಿಷ ಹೋಗುತ್ತದೆ. ಕೂಗು ಕೇಳಿಸಿದಾಗೆಲ್ಲ ಗೋಡೆ ತಟ್ಟಬೇಕು. ತಟ್ಟುವುದು ನಿಂತಿತೋ, ಹಗ್ಗ ಎಳೆಯಬೇಕು. ಅಷ್ಟೇ. ಮುಖವಾಡ, ಸಿಲಿಂಡರು ಎಲ್ಲ ಗೋಡೆಗೆ ಅಂಟಿಸಿದ ಚಿತ್ರದಲ್ಲಿ ಮಾತ್ರ.

ಅಣ್ಣನಂಥ ಕೂಗುವವನು ಇನ್ನೊಬ್ಬನಿರಲಿಲ್ಲ. ನಾಲ್ಕು ಬೀದಿಗೆ ಕೇಳಿಸುವ ಗಂಟಲು. ಬರೀ ಕೂಗುತ್ತಿರಲಿಲ್ಲ, ಕೆಳಗಿದ್ದವನನ್ನು ಕಾಡುತ್ತಿದ್ದ. "ಏನೋ, ಬಂಗಾರ ಸಿಕ್ತೇನೋ? ಒಬ್ಬನೇ ನುಂಗ್ಬೇಡ, ಪಾಲು ಕೊಡೋ!" "ಲೇ, ನಿನ್ನ ಹೆಂಡ್ತಿ ಬಂದು ನಿಂತಿದ್ದಾಳೆ, ಇನ್ನೊಬ್ಬನ ಜೊತೆ ಹೋಗ್ತಾಳಂತೆ, ತಟ್ಟೋ ಬೇಗ!" ಕೆಳಗೆ ಮಲದಲ್ಲಿ ನಿಂತವನು ನಗು ತಡೆಯಲಾರದೆ ಗೋಡೆಗೆ ಗುದ್ದುತ್ತಿದ್ದ. ಜೊತೆಯವರು ಅಣ್ಣನಿಗೆ ಕೂಗುಮಾರಿ ಎಂದು ಹೆಸರಿಟ್ಟಿದ್ದರು. ಅವನು ಮೇಲಿದ್ದ ಯಾವ ಗುಂಡಿಯಲ್ಲೂ ಯಾರೂ ಸತ್ತಿರಲಿಲ್ಲ.

ಒಂದು ದಿನ ಗುತ್ತಿಗೆದಾರ ಅಣ್ಣನನ್ನು ಬೇರೆ ಕಡೆ ಕಳಿಸಿ, ಕೆಲಸಕ್ಕೆ ಹೊಸಬನಾಗಿದ್ದ ಒಬ್ಬನನ್ನು ಒಂಟಿಯಾಗಿ ಇಳಿಸಿದ. ಮೇಲೆ ಕೂಗುವವರಿಲ್ಲ. ಹೊಸಬ ಮೇಲೆ ಬರಲಿಲ್ಲ. ಅಣ್ಣ ಓಡಿಬಂದು, ಹೆಣದ ಮುಂದೆಯೇ ಗುತ್ತಿಗೆದಾರನ ಕಾಲರು ಹಿಡಿದು ಕೂಗಿದ: "ಒಂದು ದಿನ ನೀನೂ ಈ ಗುಂಡಿ ನೋಡ್ಬೇಕು!" ಬೀದಿಗೆ ಬೀದಿಯೇ ಕೇಳಿಸಿಕೊಂಡಿತು.

ಗುತ್ತಿಗೆದಾರನ ಮೇಲೆ ಹಲ್ಲು ಮಸೆಯುವವರು ಊರೆಲ್ಲ ಇದ್ದರು. ಅವನ ಪಾಲುಗಾರನಿದ್ದ, ಅವನ ಕೈಯಲ್ಲಿ ಮೋಸಹೋದ ಮನೆ ಮಾಲೀಕರಿದ್ದರು. ಅವರ್ಯಾರ ಧ್ವನಿಯನ್ನೂ ಪೊಲೀಸರು ಕೇಳಲಿಲ್ಲ. ಆಗಷ್ಟೇ ಗುಂಡಿಯಿಂದ ಹತ್ತಿ ಬಂದಿದ್ದ ಅಣ್ಣನನ್ನು ಹಿಡಿದು, ಒದ್ದೆ ಬಟ್ಟೆಯಲ್ಲೇ ಪ್ರಯೋಗಾಲಯಕ್ಕೆ ಎಳೆದುಕೊಂಡು ಹೋಗಿ, ಅದೇ ಮಾತು ಹೇಳಿಸಿದರು. ತಜ್ಞನೊಬ್ಬ ಕೋರ್ಟಿಗೆ ಬಂದು, ಕಪ್ಪು ಗೆರೆಗಳು ಏರಿಳಿದಿದ್ದ ಎರಡು ಹಾಳೆ ಎತ್ತಿ ಹಿಡಿದ. "ಎರಡೂ ಒಬ್ಬನದೇ ಧ್ವನಿ. ಸಂಶಯಕ್ಕೆ ಎಡೆಯೇ ಇಲ್ಲ," ಎಂದ. ಆ ಬೆಳಗಿನ ಹೊತ್ತು ಅಣ್ಣ ಮನೆಯಲ್ಲಿ ಮಲಗಿದ್ದ ಎಂದು ಅತ್ತಿಗೆ ಹೇಳಿದಳು, ತಮ್ಮ ಹೇಳಿದ. ಮನೆಯವರು ಹೇಳುವುದು ಹಾಗೇ ತಾನೇ ಎಂದರು. ಮರುದಿನ ಪೇಪರಿನಲ್ಲಿ ದಪ್ಪಕ್ಷರ: ಕೂಗುಮಾರಿಗೆ ಜೀವಾವಧಿ. ಜೊತೆಯವರು ಪ್ರೀತಿಗೆ ಇಟ್ಟ ಹೆಸರು ಕೊಲೆಗಾರನ ಹೆಸರಾಯಿತು.

ಅಣ್ಣ ತಮ್ಮಂದಿರ ಧ್ವನಿ ಒಂದೇ ಅಚ್ಚು. ಚಿಕ್ಕಂದಿನಲ್ಲಿ ಹೊರಗಿಂದ "ಅಮ್ಮಾ" ಎಂದರೆ ಯಾರು ಬಂದರೆಂದು ಹೆತ್ತವಳಿಗೇ ತಿಳಿಯುತ್ತಿರಲಿಲ್ಲ. ಈಗ ಬಾಯಿ ತೆರೆದರೆ ಕೋರ್ಟಿನಲ್ಲಿ ಕೇಳಿದ ಆ ಧ್ವನಿಯೇ ತನ್ನ ಗಂಟಲಿಂದ ಹೊರಗೆ ಬಂದ ಹಾಗೆ ತಮ್ಮನಿಗೆ ಅನಿಸತೊಡಗಿತು. ಮಾತು ಕಡಿಮೆ ಮಾಡಿದ. ಆಮೇಲೆ ಬಿಟ್ಟೇಬಿಟ್ಟ. ಟೀ ಅಂಗಡಿಯಲ್ಲಿ ಬೆರಳು ತೋರಿಸಿ ಟೀ ತೆಗೆದುಕೊಳ್ಳುತ್ತಿದ್ದ. ಜೊತೆಯವರು ಅವನಿಗೂ ಒಂದು ಹೆಸರಿಟ್ಟರು: ಮೂಗ.

ಕೂಗುವ ಕೆಲಸಕ್ಕೆ ಅವನು ಆಗುತ್ತಿರಲಿಲ್ಲ. ದಿನಾ ಇಳಿಯುತ್ತಿದ್ದ. ಇಳಿಯುವವನಿಗೆ ಬಾಯಿ ಬೇಡ. ಅವನಿಗೂ ಅದೇ ಬೇಕಿತ್ತು. ಆದರೆ ಕೆಳಗೂ ಬಿಡುಗಡೆಯಿರಲಿಲ್ಲ. ಮೇಲಿಂದ ಯಾರೋ ಕೂಗುತ್ತಿದ್ದರು. ಗುಂಡಿಯ ಗೋಡೆಗೆ ಬಡಿದು ಆ ಕೂಗು ಬೇರೆ ಮಾತಾಗಿ ಕಿವಿಗೆ ಬೀಳುತ್ತಿತ್ತು. ಒಬ್ಬನೇ ಬಾ. ಒಬ್ಬನೇ ಬಾ. ಅವನು ಗೋಡೆ ತಟ್ಟುತ್ತಿದ್ದ. ಕೆಲವೊಮ್ಮೆ ಎದೆಮಟ್ಟದ ಹೊಲಸಿನಲ್ಲಿ ನಿಂತು ತನ್ನನ್ನೇ ಕೇಳಿಕೊಳ್ಳುತ್ತಿದ್ದ, ನಿದ್ದೆಗಣ್ಣಲ್ಲಿ ಎದ್ದು ಹೋಗಿ ನಾನೇ ಏನಾದರೂ ಮಾಡಿದೆನಾ ಎಂದು. ಮಾಡಿರಲಿಲ್ಲ. ಅವತ್ತು ಅವನು ಬಾಗಿಲ ಬಳಿ ಮಲಗಿದ್ದ, ಅತ್ತಿಗೆಯೇ ಕಾಲಲ್ಲಿ ತಿವಿದು ಎಬ್ಬಿಸಿದ್ದಳು. ಇಷ್ಟು ಗೊತ್ತಿದ್ದೂ ಕೇಳಿಕೊಳ್ಳುತ್ತಿದ್ದ. ಸುಳ್ಳನ್ನು ದೊಡ್ಡ ಕೋರ್ಟಿನಲ್ಲಿ ದೊಡ್ಡವರು ಹೇಳಿದರೆ ಅದು ಹೀಗೆ ಮೈಯೊಳಗೆ ಇಳಿಯುತ್ತದೆ.

ಅಣ್ಣ ಒಳಗೆ ಹೋಗಿ ವರ್ಷಗಳಾದ ಮೇಲೆ ಮೇಲ್ಮನವಿಗೆ ಒಬ್ಬ ಲಾಯರಮ್ಮ ಸಿಕ್ಕಳು. ಚಿಕ್ಕ ವಯಸ್ಸಿನವಳು. ಜೆರಾಕ್ಸ್ ಅಂಗಡಿಯ ಮೇಲೆ ಅವಳ ಆಫೀಸು. ತಮ್ಮ ಹೋದಾಗ ಕುರ್ಚಿ ಎಳೆದು ಕೊಟ್ಟಳು. ಅವನು ಕುರ್ಚಿಯ ತುದಿಯಲ್ಲಿ ಕೂತ, ಪೂರ್ತಿ ಕೂತರೆ ಕುರ್ಚಿಗೆ ಏನಾದರೂ ಆದೀತು ಎಂಬಂತೆ.

"ನೋಡಪ್ಪಾ, ಧ್ವನಿ ಗೆರೆ ಹೊಂದಿಸೋದನ್ನ ಈಗ ಎಷ್ಟೋ ಕಡೆ ನಂಬೋದೇ ಇಲ್ಲ," ಎಂದಳು. "ಆದ್ರೆ ಜಡ್ಜುಗಳಿಗೆ ಕಣ್ಣಿಗೆ ಕಾಣೋ ಹಾಗೆ ಏನಾದ್ರೂ ತೋರಿಸ್ಬೇಕು. ನಿನ್ನ ಧ್ವನಿ ಥೇಟ್ ಅಣ್ಣನ ಹಾಗೇ ಇದೆಯಂತಲ್ಲ. ನೀನೂ ಅದೇ ಲ್ಯಾಬಿನಲ್ಲಿ ಅದೇ ಮಾತು ಹೇಳು. ನಿಂದೂ ಹೊಂದಿತು ಅನ್ಕೋ. ಆಗ ಅವರ ಅಳತೆಗೋಲೇ ಸುಳ್ಳು ಅಂತ ಆಗುತ್ತೆ. ಒಂದೇ ಫೋನಲ್ಲಿ ಇಬ್ಬರು ಹೇಗೆ ಮಾತಾಡಿರ್ತಾರೆ?"

ಅವನು ಕೆಳದನಿಯಲ್ಲಿ ಕೇಳಿದ: "ಆಗ ನನ್ನ ಹಿಡಿದ್ರೆ?"

"ಹಿಡಿಯೋಕಾಗಲ್ಲ. ನಿನ್ನ ಮೇಲೆ ಬೇರೆ ಯಾವ ಸಾಕ್ಷಿಯೂ ಇಲ್ಲ."

"ನಮ್ಮಣ್ಣನ ಮೇಲೆ ಬೇರೆ ಯಾವ ಸಾಕ್ಷಿ ಇತ್ತು ಮೇಡಂ?"

ಕೆಳಗೆ ಜೆರಾಕ್ಸ್ ಯಂತ್ರ ಒಂದರ ಹಿಂದೊಂದು ಹಾಳೆ ಉಗುಳುತ್ತಿರುವುದು ಕೇಳಿಸುತ್ತಿತ್ತು. "ಸುಳ್ಳು ಹೇಳಲ್ಲ," ಎಂದಳು ಲಾಯರಮ್ಮ. "ಅಪಾಯ ಇದೆ. ಮನೆಯಲ್ಲಿ ಕೇಳ್ಕೊಂಡು ಬಾ."

ಅತ್ತಿಗೆ ಆಸ್ಪತ್ರೆಯ ಬಟ್ಟೆ ಒಗೆಯುವವಳು. ರಕ್ತದ ಚಾದರ, ಕೀವಿನ ಚಾದರ. ಬ್ಲೀಚಿಂಗ್ ನೀರಿನಲ್ಲಿ ಬೆಂದು ಅವಳ ಬೆರಳ ತುದಿ ಬೇರೆ ಯಾರದೋ ಬೆರಳ ಹಾಗೆ ಬಿಳಿಚಿಕೊಂಡಿತ್ತು. ಅವನು ವಿಷಯ ಹೇಳಿ ಮುಗಿಸುವುದರೊಳಗೆ ಕೇಳಿದಳು:

"ಮತ್ತೆ? ಕೊಡ್ತೀಯೋ ಇಲ್ವೋ?"

ಅವನು ಚಪ್ಪಲಿ ಬಿಟ್ಟು ಬಾಗಿಲ ಬಳಿ ಕೂತ.

"ಧ್ವನಿ ತಾನೇ ಕೇಳ್ತಿರೋದು. ಕಿಡ್ನಿ ಅಲ್ವಲ್ಲ."

"ಅಣ್ಣನ ಹತ್ರಾನೂ ಧ್ವನಿನೇ ಕೇಳಿದ್ದು ಅತ್ತಿಗೆ."

ಅವಳ ಭುಜ ಕುಗ್ಗಿತು. ಬೆನ್ನ ಹಿಂದೆ ಯಾರೋ ಬಂದು ನಿಂತ ಹಾಗೆ. "ನೋಡು, ಇದೇ," ಎಂದಳು. "ನೀನು ಬಾಯಿ ಬಿಟ್ರೆ ಸಾಕು, ಮೈ ಜುಂ ಅನ್ನುತ್ತೆ. ಮೊದಲು, ನಿಮ್ಮಣ್ಣ ಬಂದ್ರು ಅನ್ಸುತ್ತೆ. ಎದ್ದು ನಿಂತ್ಕೋತೀನಿ. ಆಮೇಲೆ ಆ ಫೋನಿನ ಮಾತು ನೆನಪಾಗುತ್ತೆ." ಬಕೆಟ್ಟಿನ ಹಿಡಿ ಬಿಗಿಯಾಗಿ ಹಿಡಿದುಕೊಂಡಳು. "ಒಂದು ಕೇಳ್ಲಾ? ಸಿಟ್ಟು ಮಾಡ್ಕೋಬಾರ್ದು."

"ಕೇಳು."

"ನಿಜ ಹೇಳು. ಅವತ್ತು ಫೋನು ಮಾಡಿದ್ದು ನೀನಾ?"

ಇಷ್ಟು ವರ್ಷ ಇಬ್ಬರ ನಡುವೆ ಕೂತು ಉಂಡೆದ್ದ ಮಾತು ಹೊರಗೆ ಬಿತ್ತು. ಬಿದ್ದ ಮೇಲೆ ನೋಡಿದರೆ ಚಿಕ್ಕದಾಗಿತ್ತು. ಅವನಿಗೆ ಸಿಟ್ಟು ಬರಲಿಲ್ಲ.

"ಅವತ್ತು ನನ್ನ ಎಬ್ಬಿಸಿದ್ದು ಯಾರು?"

"ನಾನೇ."

"ಎಲ್ಲಿ ಮಲಗಿದ್ದೆ ನಾನು?"

"ಇಲ್ಲೇ. ಬಾಗಿಲ ಹತ್ರ."

"ಅಣ್ಣ?"

"ನನ್ನ ಪಕ್ಕ."

"ಮತ್ತೆ?"

ಅತ್ತಿಗೆ ಸೆರಗಿನಿಂದ ಮುಖ ಒರೆಸಿಕೊಂಡಳು. "ಗೊತ್ತು ಕಣೋ. ಎಲ್ಲ ಗೊತ್ತು. ಗೊತ್ತಿದ್ದೂ ಕೇಳೋ ಹಾಗೆ ಮಾಡಿಬಿಟ್ರಲ್ಲ, ಅವರನ್ನ ಏನು ಮಾಡ್ಬೇಕು ಹೇಳು."

ಜೈಲಿನಲ್ಲಿ ಭೇಟಿಗೆ ಒಂದು ಗಾಜು, ಆ ಕಡೆ ಈ ಕಡೆ ಒಂದೊಂದು ಫೋನು. ಅಣ್ಣ ಬಂದು ಕೂತ. ಅವನಿಗೆ ಕಂಬಳಿ ನೇಯುವ ಕೆಲಸ ಕೊಟ್ಟಿದ್ದರು. ಹುಬ್ಬಿನ ಮೇಲೆಲ್ಲ ಎಳೆ ಎಳೆ ನಾರು. ಗುಂಡಿಯ ವಿಷಗಾಳಿ ಮೊದಲೇ ಸುಟ್ಟಿದ್ದ ಗಂಟಲಿಗೆ ಈ ನಾರಿನ ಧೂಳು ಕೂತು ಧ್ವನಿ ಹೋಗಿತ್ತು. ಫೋನಿನಲ್ಲಿ ಬಂದದ್ದು ಮಾತಲ್ಲ, ಒಣಗಿದ ಚರ್ಮ ಉಜ್ಜಿದ ಸದ್ದು.

"ಏನೋ ಮೂಗಾ," ಎಂದು ಅಣ್ಣ ಹಲ್ಲು ಬಿಟ್ಟ. "ನಿನ್ನ ಹೆಸರು ನನಗೆ ಬಂತು ನೋಡು. ವಾಪಸ್ ತಗೋತೀಯಾ?"

ತಮ್ಮ ಎಲ್ಲ ಹೇಳಿದ. ಅಣ್ಣ ತಲೆ ಅಲ್ಲಾಡಿಸಿದ.

"ಬೇಡ. ನಾನೊಬ್ಬ ಒಳಗಿದ್ರೆ ಒಬ್ಬ. ನೀನೂ ಬಂದ್ರೆ ಇಬ್ಬರು. ಶಾಲೆ ಬಿಟ್ಟೆ ಸರಿ, ಇಷ್ಟು ಲೆಕ್ಕ ಬರಲ್ವಾ? ಅದೂ ಅಲ್ದೆ ಇಲ್ಲಿ ಮಲಗೋಕೆ ಜಾಗ ಇಲ್ಲ, ನೀನು ಕಾಲು ಬೇರೆ ಒದೀತೀಯ."

"ಅಲ್ಲಿ ಏನು ಮಾಡಿದ್ರು ನಿನ್ನ?"

ಅಣ್ಣನ ನಗು ನಿಂತಿತು. "ಹೇಳಿದ ಹಾಗೆ ಹೇಳು ಅಂದ್ರು. ಹೇಳ್ದೆ. ಮೈಮೇಲೆ ಗುಂಡಿ ಒಣಗಿತ್ತು, ಎಲ್ಲರೂ ಮೂಗು ಮುಚ್ಕೊಂಡಿದ್ರು. ನನಗೇ ನಾಚ್ಕೆ ಆಗಿ ಬೇಗ ಬೇಗ ಹೇಳಿ ಮುಗಿಸ್ದೆ. ಅವರಿಗೆ ಯಾಕೆ ತೊಂದರೆ ಅಂತ." ಹುಬ್ಬಿನ ಮೇಲಿನ ನಾರು ಒರೆಸಿಕೊಂಡ. "ಯೋಚನೆ ಮಾಡು, ನನಗೆ ನಾಚ್ಕೆ ಆಗಿತ್ತು."

ಹಿಂದಿರುಗುವಾಗ ತಮ್ಮನಿಗೆ ಒಂದು ತಿಳಿಯಿತು. ಅಣ್ಣನ ಆ ಗಂಟಲು ಈಗ ಅಣ್ಣನ ಬಳಿ ಇಲ್ಲ. ಉಳಿದಿದ್ದರೆ ತನ್ನ ಬಳಿ ಇದೆ. ಹೋಗುತ್ತೇನೆ, ಹೇಳಿ ಬರುತ್ತೇನೆ ಎಂದು ನಿರ್ಧರಿಸಿದ. ಹಿಡಿದರೆ ಹಿಡಿಯಲಿ. ಅಣ್ಣ ಹೊರಗೆ ಬಂದರೆ ಸಾಕು.

ತಮ್ಮನ ಧ್ವನಿ ಪರೀಕ್ಷೆಗೆ ಕೋರ್ಟು ಒಪ್ಪಿತು. ಹೋಗುವ ದಿನ ಅವನು ಸೋಪು ಸವೆಯುವ ಹಾಗೆ ಮೈ ಉಜ್ಜಿಕೊಂಡ. ಉಗುರ ಸಂದಿಗೆ ಕಡ್ಡಿ ಹಾಕಿ ಕೆರೆದುಕೊಂಡ. ಅತ್ತಿಗೆ ಇಸ್ತ್ರಿ ಮಾಡಿದ ಅಂಗಿ ಕೊಟ್ಟಳು. ಅಣ್ಣನ ಅಂಗಿ.

ಪ್ರಯೋಗಾಲಯದ ಕೋಣೆಗೆ ಕಿಟಕಿಯಿರಲಿಲ್ಲ. ಗೋಡೆಗೆಲ್ಲ ಮೊಟ್ಟೆ ತಟ್ಟೆಯಂಥ ಸ್ಪಂಜು. ಆಡಿದ ಮಾತು ಬಾಯಿಂದ ಹೊರಗೆ ಬಂದ ಕೂಡಲೇ ಸಾಯುತ್ತಿತ್ತು. ಅದೇ ತಜ್ಞ ಇದ್ದ, ಕೂದಲು ನರೆತಿತ್ತು, ಕನ್ನಡಕ ಬಂದಿತ್ತು. ಅಣ್ಣನನ್ನು ಎಳೆದುಕೊಂಡು ಬಂದಿದ್ದ ಅದೇ ಇನ್ಸ್‌ಪೆಕ್ಟರ್ ಈಗ ದೊಡ್ಡ ಹುದ್ದೆಗೆ ಏರಿ, ಸರ್ಕಾರದ ಕಡೆಯಿಂದ ನೋಡಿಕೊಳ್ಳಲು ಬಂದು ಕೂತಿದ್ದ. ಲಾಯರಮ್ಮ ಮೂಲೆಯಲ್ಲಿ ನಿಂತು ಬರೆದುಕೊಳ್ಳುತ್ತಿದ್ದಳು.

ಅಟೆಂಡರು ಮೊದಲು ಗಾಳಿಗೆ ಸೆಂಟು ಹೊಡೆದ. ಆಮೇಲೆ ಕುರ್ಚಿಗೆ ಹಳೇ ಪೇಪರು ಹಾಸಿದ. "ಇದರ ಮೇಲೆ ಕೂತ್ಕೋ. ಅತ್ತಿತ್ತ ಮುಟ್ಬೇಡ." ತಮ್ಮ ಕೂತ. ಇದೆಲ್ಲ ಹೊಸದೇನಲ್ಲ. ಅಟೆಂಡರು ಡ್ರಾಯರಿನಿಂದ ಒಂದು ಪ್ಲಾಸ್ಟಿಕ್ ಚೀಲ ತೆಗೆದ. ತರಕಾರಿ ತರುವ ಚೀಲ. ಅದನ್ನು ಮೈಕಿನ ತಲೆಗೆ ಹಾಕಿ, ಕುತ್ತಿಗೆಗೆ ರಬ್ಬರ್ ಬ್ಯಾಂಡು ಸುತ್ತಿದ.

"ಇದ್ಯಾಕೆ?" ಎಂದ ತಮ್ಮ.

"ಹತ್ರ ಬಾಯಿಟ್ಟು ಮಾತಾಡ್ಬೇಕು. ಉಗುಳು ಗಿಗುಳು ಹಾರುತ್ತೆ."

"ಎಲ್ಲರಿಗೂ ಕಟ್ತೀರಾ?"

"ಎಲ್ಲರಿಗೂ ಯಾಕಯ್ಯಾ? ನಿಮ್ಮಂಥೋರು ಬಂದಾಗ. ಗುಂಡಿಯೋರು, ಹೆಣ ಎತ್ತೋರು. ನಾಳೆ ಇದೇ ಮೈಕಿಗೆ ಬೇರೆಯೋರು ಬಾಯಿ ಇಡ್ಬೇಕಲ್ಲ."

"ನಮ್ಮಣ್ಣನಿಗೂ ಕಟ್ಟಿದ್ರಾ?"

"ಯಾರು ನಿಮ್ಮಣ್ಣ?"

"ಕೂಗುಮಾರಿ ಕಣೋ," ಎಂದ ಇನ್ಸ್‌ಪೆಕ್ಟರ್, ಫೋನಿನಿಂದ ಕಣ್ಣೆತ್ತದೆ.

"ಓ, ಅವನಾ!" ಅಟೆಂಡರನ ಮುಖ ಅರಳಿತು. "ಅವನಿಗೆ ಒಂದಲ್ಲ, ಎರಡು ಕಟ್ಟಿದ್ದೆ. ಒಂದರ ಮೇಲೊಂದು. ಏನು ನಾತ ಅಂತೀರಿ! ಆಮೇಲೆ ಚೀಲನ ಕಡ್ಡೀಲಿ ಎತ್ಕೊಂಡು ಹೋಗಿ ಸುಟ್ಟೆ."

ಸಾಧನೆ ಮಾಡಿದವನ ಹಾಗೆ ಹೇಳಿದ. ಲಾಯರಮ್ಮನ ಪೆನ್ನು ನಿಂತಿತು.

"ಅದೆಲ್ಲ ಈಗ ಬೇಡ," ಎಂದ ತಜ್ಞ, ಗಂಟಲು ಸರಿಮಾಡಿಕೊಂಡು. "ನಾನು ಹೇಳಿದ ಹಾಗೆ ಹೇಳಪ್ಪ. ಒಬ್ಬನೇ ಬಾ. ಬರದಿದ್ರೆ..."

ತಮ್ಮ ಚೀಲವನ್ನೇ ನೋಡುತ್ತಿದ್ದ. ಆ ಚೀಲದ ಪರಿಚಯ ಅವನಿಗಿತ್ತು. ಕೈಗವಸು ಕೇಳಿದಾಗೆಲ್ಲ ಗುತ್ತಿಗೆದಾರ ಇಂಥವೇ ಎರಡು ಚೀಲ ಎಸೆಯುತ್ತಿದ್ದ. ಮೊಣಕೈವರೆಗೆ ಹಾಕಿಕೊಂಡು ದಾರ ಕಟ್ಟಿಕೊಳ್ಳಬೇಕು. ಇಳಿದು ನಾಲ್ಕು ಬಕೆಟ್ಟು ತುಂಬುವುದರೊಳಗೆ ಹರಿದು, ಹೊಲಸೆಲ್ಲ ಚೀಲದೊಳಗೇ ನಿಲ್ಲುತ್ತಿತ್ತು. ಲೋಕದ ಹೇಲಿನಿಂದ ಇವರ ಕೈ ಕಾಪಾಡಲು ಕೊಟ್ಟ ಚೀಲ ಅದು. ಈಗ ಅದೇ ಚೀಲ ಇವರ ಬಾಯಿಂದ ಮೈಕನ್ನು ಕಾಪಾಡುತ್ತಿತ್ತು. ಒಳಗೆ ಕೂತ ಮೈಕು ಉಸಿರು ಕಟ್ಟಿದವನ ತಲೆಯ ಹಾಗೆ ಕಂಡಿತು. ಇದರ ಮುಂದೆ ಕೂತು ಅಣ್ಣ ನಾಚಿಕೊಂಡಿದ್ದ. ಅವರಿಗೆ ತೊಂದರೆಯಾಗಬಾರದೆಂದು ಬೇಗ ಬೇಗ ಹೇಳಿ ಮುಗಿಸಿದ್ದ.

"ಬಿಚ್ಚಿ," ಎಂದ.

"ಏನು?"

"ಚೀಲ ಬಿಚ್ಚಿ."

"ಹೇಳಿದಷ್ಟು ಮಾಡು," ಎಂದ ಇನ್ಸ್‌ಪೆಕ್ಟರ್. "ಕೋರ್ಟಿನ ಆರ್ಡರು ಇದೆ. ಬಾಯಿ ಬಿಡ್ಲಿಲ್ಲ ಅಂದ್ರೆ ನಿನ್ನ ತಲೆಗೇ ಬರುತ್ತೆ."

"ಬರ್ಲಿ. ತಲೆ ಕೊಡೋಕೇ ಬಂದಿದ್ದೆ ಸಾಹೇಬ್ರೇ. ನನ್ನ ಹಿಡ್ಕೊಂಡು ಹೋಗ್ತೀರಿ ಅಂತ ಗೊತ್ತಿದ್ದೇ ಮನೆಯಲ್ಲಿ ಹೇಳಿ ಬಂದಿದ್ದೀನಿ. ಆದ್ರೆ ಇದರೊಳಗೆ ಮಾತಾಡಲ್ಲ."

"ಮೂಗ ಅಂತಿದ್ರಲ್ಲ ಇವನಿಗೆ! ಬಾಯಿ ನೋಡು ಇವನದ್ದು," ಎಂದ ಇನ್ಸ್‌ಪೆಕ್ಟರ್.

"ಹೌದು, ನೋಡಿ. ಇದೂ ಬಾಯಿನೇ. ಕಚ್ಚಲ್ಲ." ತಮ್ಮ ಎದ್ದು ನಿಂತ. ಕೆಳಗೆ ಹಾಸಿದ್ದ ಪೇಪರು ಜಾರಿ ಬಿತ್ತು. ವರ್ಷಗಳಿಂದ ಮಡಚಿಟ್ಟಿದ್ದ ಗಂಟಲು ಪೂರ್ತಿ ಬಿಚ್ಚಿಕೊಂಡಿತು. ಸ್ಪಂಜಿನ ಗೋಡೆಗೂ ಅದನ್ನು ನುಂಗಲಾಗಲಿಲ್ಲ. "ಮೊದಲು ನೀವು ಹೇಳಿ. ಎರಡು ಚೀಲ ಕಟ್ಟಿಸ್ಕೊಳ್ಳಿ, ಒಂದರ ಮೇಲೊಂದು. ಒಬ್ಬನೇ ಬಾ ಅಂತ ನೀವು ಹೇಳಿ, ಈ ಕನ್ನಡಕದ ಸ್ವಾಮಿಗಳು ಹೇಳ್ಲಿ, ಸೆಂಟು ಹೊಡೆಯೋ ಈಯಪ್ಪನೂ ಹೇಳ್ಲಿ. ನಿಮ್ಮೆಲ್ಲರ ಉಗುಳೂ ಅದಕ್ಕೆ ತಾಗ್ಲಿ. ಆಮೇಲೆ ನಾನು ಹೇಳ್ತೀನಿ."

ಇನ್ಸ್‌ಪೆಕ್ಟರ್ ಎದ್ದ ರಭಸಕ್ಕೆ ಕುರ್ಚಿ ಉರುಳಿತು. ಎತ್ತಿದ ಕೈ ಇಳಿಯುವ ಮೊದಲು ಲಾಯರಮ್ಮ ನಡುವೆ ಬಂದು ನಿಂತಳು. "ಮುಟ್ಟಿ ನೋಡಿ," ಎಂದಳು. ಕೈ ಇಳಿಯಿತು. ತಜ್ಞ ಹಾಳೆಯ ಮೇಲೆ ಬರೆದ: ಸಹಕರಿಸಲಿಲ್ಲ.

ಹೊರಗೆ ಬಂದು ತಮ್ಮ ಮೆಟ್ಟಿಲ ಮೇಲೆ ಕೂತ. "ಅಣ್ಣನ ಕೇಸು ಕೆಡಿಸಿಬಿಟ್ಟೆ ಮೇಡಂ. ತಡ್ಕೊಳ್ಳೋಕಾಗ್ಲಿಲ್ಲ."

ಲಾಯರಮ್ಮ ಅವನ ಪಕ್ಕದಲ್ಲೇ ಮೆಟ್ಟಿಲ ಮೇಲೆ ಕೂತಳು. ತನ್ನ ಬಾಯಿಗೆ ಎರಡೂ ಕೈ ಅಡ್ಡ ಹಿಡಿದು, "ಒಬ್ಬನೇ ಬಾ," ಎಂದಳು. ಕೈ ತೆಗೆದು ಅವನ ಮುಖ ನೋಡಿದಳು. ಅವನ ಮೈ ಮೇಲೆ ಮುಳ್ಳೆದ್ದವು. ಹೆಂಗಸಿನ ಬಾಯಿಂದ ಬಂದರೂ ಅದು ಆ ಧ್ವನಿಯ ಹಾಗೇ ಇತ್ತು. ಅದೇ ಕಂಬಳಿಯ ಒಳಗಿನದು.

"ಫೋನು ಮಾಡಿದವನು ಬಾಯಿಗೆ ಬಟ್ಟೆ ಅಡ್ಡ ಹಿಡ್ಕೊಂಡಿದ್ದ," ಎಂದಳು. "ಲ್ಯಾಬಿನೋರು ನಿಮ್ಮಣ್ಣನ ಬಾಯಿಗೆ ಚೀಲ ಅಡ್ಡ ಹಿಡಿದ್ರು. ಮುಚ್ಚಿದ್ದಕ್ಕೆ ಮುಚ್ಚಿದ್ದು ಹೊಂದದೆ ಇನ್ನೇನು? ಅವರು ಹೊಂದಿಸಿದ್ದು ಮನುಷ್ಯನನ್ನಲ್ಲ. ಚೀಲನ."

ತಮ್ಮನಿಗೆ ಖುಷಿಯಾಗಲಿಲ್ಲ. ಅಣ್ಣನನ್ನು ಒಳಗೆ ಹಾಕಿದ್ದು ದ್ವೇಷವಾಗಿದ್ದರೆ ಅದಕ್ಕೊಂದು ಮುಖವಿರುತ್ತಿತ್ತು. ಎದುರು ನಿಂತು ಬೈಯಬಹುದಿತ್ತು. ಇದು ಬರೀ ಅಸಹ್ಯ. ಒಬ್ಬ ಅಟೆಂಡರನ ಮೂಗಿಗೆ ಬಂದ ಅಸಹ್ಯ. ಕೈಗೆ ಸಿಕ್ಕಿದ ಚೀಲ ತೆಗೆದು ಕಟ್ಟಿದ, ಒಂದು ಜೀವ ಒಳಗೆ ಹೋಯಿತು. ಸಂಜೆ ಅವನು ಮನೆಗೆ ಹೋಗಿ ಊಟ ಮಾಡಿ ಮಲಗಿರುತ್ತಾನೆ.

ಮೇಲ್ಮನವಿಯ ದಿನ ಅಣ್ಣನನ್ನು ತಂದು ಕೂರಿಸಿದ್ದರು. ಇಬ್ಬರು ಜಡ್ಜುಗಳು. ಲಾಯರಮ್ಮ ಚೀಲದ ಕಥೆಯನ್ನೆಲ್ಲ ಹೇಳಿ, ಕೊನೆಗೆ ಒಂದೇ ಬೇಡಿಕೆ ಇಟ್ಟಳು. ಇನ್ಸ್‌ಪೆಕ್ಟರ್ ಅದೇ ಮೈಕಿಗೆ ಎರಡು ಚೀಲ ಕಟ್ಟಿಸಿಕೊಂಡು ಅದೇ ಮಾತು ಹೇಳಲಿ. ಅದೇ ತಜ್ಞರು ಅದೇ ರೀತಿ ಅಳೆಯಲಿ.

ಸರ್ಕಾರದ ಲಾಯರು ಬೆಂಕಿ ತಾಗಿದವನ ಹಾಗೆ ಎದ್ದ. "ಸ್ವಾಮಿ, ಇದು ಒಬ್ಬ ಜವಾಬ್ದಾರಿ ಅಧಿಕಾರಿಗೆ ಮಾಡೋ ಅವಮಾನ! ಅಕಸ್ಮಾತ್ ಹೊಂದಿಬಿಟ್ರೆ ಅವರ ಗತಿ ಏನಾಗ್ಬೇಕು?"

ಮಾತು ಹೊರಗೆ ಬಿದ್ದುಹೋಯಿತು. ಫ್ಯಾನು ತಿರುಗುತ್ತಿತ್ತು. ಹಿರಿಯ ಜಡ್ಜು ಕನ್ನಡಕ ತೆಗೆದರು. "ಏನಂದ್ರಿ? ಇನ್ನೊಂದ್ಸಲ ಹೇಳಿ."

ಸರ್ಕಾರದ ಲಾಯರು ಇನ್ನೊಂದು ಸಲ ಹೇಳಲಿಲ್ಲ. ಲಾಯರಮ್ಮ ಫೈಲು ಮುಚ್ಚಿ ಕೂತಳು.

ತೀರ್ಪು ಬಂತು. ಅದರಲ್ಲಿ ಚೀಲದ ಹೆಸರೇ ಇರಲಿಲ್ಲ. ತಾಂತ್ರಿಕ ಲೋಪ ಎಂದಿತ್ತು. ಎರಡು ಚೀಲ, ರಬ್ಬರ್ ಬ್ಯಾಂಡು, ಸೆಂಟು, ಹಳೇ ಪೇಪರು ಎಲ್ಲ ಸೇರಿ ಎರಡೇ ಪದ. ಆರೋಪಿಗೆ ಸಂಶಯದ ಲಾಭ ಕೊಟ್ಟು ಬಿಡುಗಡೆ ಮಾಡಲಾಗಿದೆ ಎಂದು ಓದಿದರು.

"ಲಾಭ ಅಂದ್ರಾ?" ಅತ್ತಿಗೆ ಪಿಸುಗುಟ್ಟಿದಳು. "ಯಾರಿಗೆ?"

ತಮ್ಮ ಎದ್ದು ನಿಂತು ಕೇಳಿಯೇಬಿಟ್ಟ: "ಸ್ವಾಮೀ, ಸಂಶಯ ಯಾರ ಮೇಲೆ? ನಮ್ಮಣ್ಣನ ಮೇಲಾ, ಅವರ ಮೇಲಾ?"

ಕೋರ್ಟಿನ ಜವಾನ ಅವನ ಭುಜ ಅದುಮಿ ಕೂರಿಸಿದ. "ಮಾತಾಡ್ಬಾರ್ದು." ಜಡ್ಜುಗಳು ಮುಂದಿನ ಕೇಸು ಕೂಗಿಸಿದರು. ತಜ್ಞನಿಗೆ ಏನೂ ಆಗಲಿಲ್ಲ. ಇನ್ಸ್‌ಪೆಕ್ಟರಿಗೂ ಏನೂ ಆಗಲಿಲ್ಲ. ಫೋನು ಮಾಡಿದವನು ಎಲ್ಲೋ ತನ್ನ ಧ್ವನಿಯಲ್ಲಿ ತಾನು ಮಾತಾಡಿಕೊಂಡು ಹಾಯಾಗಿದ್ದ.

ಅಣ್ಣನನ್ನು ಮನೆಗೆ ಕರೆತಂದರು. ಹಾಡಹಗಲು. ನೆರೆಯವರು ಬಾಗಿಲ ಸಂದಿಯಿಂದ ನೋಡಿದರು. ಅಣ್ಣ ಒಳಗೆ ಬಂದು ಗೋಡೆ ಸವರಿದ, ಕೊಡ ಸವರಿದ. ಎಲ್ಲಿ ಕೂರಬೇಕೆಂದು ತಿಳಿಯದವನ ಹಾಗೆ ನಿಂತ. ಅತ್ತಿಗೆ ಆ ಕಡೆ ತಿರುಗಿ ಒಲೆ ಹಚ್ಚುತ್ತಿದ್ದಳು. ಬೆನ್ನ ಹಿಂದಿನಿಂದ ಬಂತು:

"ನೀರು ಕೊಡೇ."

ಅತ್ತಿಗೆ ಬೆಚ್ಚಿ ತಿರುಗಿದಳು. ಕೈಯ ಬೆಂಕಿಕಡ್ಡಿ ನೆಲಕ್ಕೆ ಬಿತ್ತು. ಮನೆಯೊಳಗೆ ಹೊರಗಿನವನು ಯಾರೋ ನುಗ್ಗಿದನೆಂದು ಅವಳ ಕಣ್ಣು ಹೇಳುತ್ತಿತ್ತು. ಆಮೇಲೆ ಅದು ಗಂಡನೆಂದು ತಿಳಿಯಿತು. ತಿಳಿದದ್ದನ್ನು ಅಣ್ಣ ಕಂಡ. ತಮ್ಮ ಕಂಡ.

ಅವಳು ನೀರು ಕೊಟ್ಟಳು. ಅಣ್ಣ ಕುಡಿಯುವುದನ್ನೇ ನೋಡುತ್ತ, ಮೈದುನನ ಕಡೆ ತಿರುಗದೆ ಮೆಲ್ಲಗೆ ಹೇಳಿದಳು: "ಬೇಜಾರು ಮಾಡ್ಕೋಬೇಡ ಕಣೋ. ಸ್ವಲ್ಪ ದಿನ ನೀನು ಮನೆಯಲ್ಲಿ ಮಾತಾಡ್ಬೇಡ. ಇವರ ಧ್ವನಿ ನನಗೆ ಗುರುತಾಗೋವರೆಗೂ."

ತಮ್ಮ ತಲೆಯಾಡಿಸಿದ. ಇನ್ಸ್‌ಪೆಕ್ಟರಿಗೆ ಆಗುವುದಿಲ್ಲ ಎಂದವನು ಇವಳಿಗೆ ಏನೆಂದಾನು?

"ಬೇಡ," ಎಂದ ಅಣ್ಣ. ಲೋಟ ಕೆಳಗಿಟ್ಟ. ಚರ್ಮ ಉಜ್ಜಿದ ಆ ಸದ್ದು ಒಂದೊಂದೇ ಪದವನ್ನು ಎಳೆದು ತಂದಿತು. "ಮಾತಾಡ್ಲಿ ಬಿಡು. ನನ್ನ ಧ್ವನಿ ಕೇಳಿ ನನಗೂ ಬಹಳ ವರ್ಷ ಆಯ್ತು."

ಗೋಡೆಗೊರಗಿ ಕೂತು ಕಣ್ಣು ಮುಚ್ಚಿಕೊಂಡ. "ಹೂಂ," ಎಂದ. "ಲ್ಯಾಬಿನಲ್ಲಿ ಏನೇನಾಯ್ತು ಹೇಳು. ಜೋರಾಗಿ ಹೇಳು."

ತಮ್ಮ ಹೇಳತೊಡಗಿದ. ಅಟೆಂಡರನ ಸೆಂಟಿಗೆ ಬಂದಾಗ ಅಣ್ಣನ ಮುಚ್ಚಿದ ಕಣ್ಣಿನ ಕೆಳಗೆ ತುಟಿ ಅಗಲವಾಯಿತು. ಅತ್ತಿಗೆ ಒಲೆಯ ಕಡೆ ಮುಖ ಮಾಡಿ ಕೂತಿದ್ದಳು. ತಮ್ಮನ ಒಂದೊಂದು ಮಾತಿಗೂ ಅವಳ ಭುಜ ಸಣ್ಣಗೆ ಅದುರುತ್ತಿತ್ತು. ಅದನ್ನು ನೋಡುತ್ತಲೇ ಅವನು ಧ್ವನಿ ತಗ್ಗಿಸದೆ ಹೇಳುತ್ತ ಹೋದ.